ಚಾಳೀಸು: ನಲವತ್ತು ದಾಟಿದ ಕಣ್ಣಿಗೆ ಬೇಕಾದ ಆಸರೆ

ಮನೆಗೆ ಬಂದ ಲಗ್ನಪತ್ರಿಕೆಯನ್ನು ಹಿರಿಯರು ಕೈ ಚಾಚಿ ದೂರಕ್ಕೆ ಹಿಡಿದು, ಕತ್ತನ್ನು ಹಿಂದಕ್ಕೆ ಸರಿಸಿ, ಹುಬ್ಬು ಗಂಟಿಕ್ಕಿ ಓದುವ ನೋಟ ನಮಗೆಲ್ಲ ಪರಿಚಿತವಾದುದು. ಸೂಜಿಯನ್ನೂ ದಾರವನ್ನೂ ಮೊಮ್ಮಗಳ ಕೈಗಿತ್ತು "ಇದೊಂದಿಷ್ಟು ಪೋಣಿಸಿ ಕೊಡವ್ವಾ" ಎನ್ನುವ ಅಜ್ಜಿಯರೂ ಪ್ರತಿ ಮನೆಯಲ್ಲಿದ್ದಾರೆ. ಇವರಿಗೆ ದೂರದ ಗುಡ್ಡ ಕಾಣುತ್ತದೆ, ಬರುವ ಬಸ್ಸಿನ ಫಲಕ ಕಾಣುತ್ತದೆ. ಕೈಯಲ್ಲಿರುವ ಅಕ್ಷರ ಮಾತ್ರ ಕಾಣದು. ಈ ಸ್ಥಿತಿಗೆ ನಮ್ಮ ಜನರಿಟ್ಟ ಹೆಸರು ಚಾಳೀಸು. ಹಿಂದಿ, ಮರಾಠಿಗಳಲ್ಲಿ ನಲವತ್ತು ಎಂಬ ಸಂಖ್ಯೆಯನ್ನು ಸೂಚಿಸುವ ಪದವೇ ನಮ್ಮಲ್ಲಿ ಕಣ್ಣಿನ ಈ ಬದಲಾವಣೆಯ ಹೆಸರಾಗಿ ನಿಂತಿದೆ. ವೈದ್ಯರು ಇದನ್ನು ಪ್ರೆಸ್‌ಬಯೋಪಿಯ ಎಂದು ಕರೆಯುತ್ತಾರೆ. ಹೆಸರು ಯಾವುದಾದರೂ ಆಗಲಿ, ಬಡವ ಬಲ್ಲಿದ, ಓದಿದವರು ಓದದವರು ಎಂಬ ಭೇದವಿಲ್ಲದೆ ನಲವತ್ತರ ಆಸುಪಾಸಿನಲ್ಲಿ ಎಲ್ಲರ ಬಾಗಿಲಿಗೂ ಬರುವ ಅತಿಥಿ ಇದು.

ಎಲ್ಲರಿಗೂ ಬರುವಂಥದ್ದಾದುದರಿಂದಲೇ ಇದನ್ನು ಯಾರೂ ಗಣನೆಗೆ ತಂದುಕೊಳ್ಳುವುದಿಲ್ಲ. "ವಯಸ್ಸಾಯಿತು, ಇನ್ನೇನು" ಎಂದು ಓದನ್ನು ಬಿಡುವವರು, ಕಸೂತಿಯನ್ನು ಬಿಡುವವರು, ಲೆಕ್ಕದ ಪುಸ್ತಕವನ್ನು ಮಗನ ಕೈಗೊಪ್ಪಿಸಿ ಸುಮ್ಮನಾಗುವವರು ನಮ್ಮ ಹೊಸಪೇಟೆ, ಕಂಪ್ಲಿ, ಸಂಡೂರು ಸೀಮೆಯಲ್ಲಿ ಕಡಿಮೆಯಿಲ್ಲ. ಹೀಗೆ ಬಿಡುವ ಅಗತ್ಯವೇ ಇಲ್ಲವೆಂಬುದನ್ನೂ, ಚಾಳೀಸಿನ ನೆಪದಲ್ಲಿ ಒಮ್ಮೆ ಕಣ್ಣನ್ನು ಸರಿಯಾಗಿ ತೋರಿಸಿಕೊಳ್ಳುವುದು ಏಕೆ ಅವಶ್ಯವೆಂಬುದನ್ನೂ ಈ ತಿಂಗಳ ಆರೋಗ್ಯ ವಿಭಾಗದಲ್ಲಿ ಓದುಗ ಬಂಧುಗಳ ಮುಂದಿಡಲು ಬಯಸುತ್ತೇವೆ.

ಕಣ್ಣಿನೊಳಗೆ ನಡೆಯುವುದೇನು?

ಕಣ್ಣಿನ ಪಾಪೆಯ ಹಿಂದೆ ಪಾರದರ್ಶಕವಾದ ಒಂದು ಪುಟ್ಟ ಮಸೂರವಿದೆ. ದೊಡ್ಡವರಲ್ಲಿ ಅದರ ಅಡ್ಡಳತೆ ಸುಮಾರು 9ರಿಂದ 10 ಮಿಲಿಮೀಟರ್, ದಪ್ಪ ಸುಮಾರು 4 ಮಿಲಿಮೀಟರ್. ಅದರ ಸುತ್ತ ಬಳೆಯಂತಹ ಒಂದು ಸ್ನಾಯುವಿದೆ. ಇದಕ್ಕೆ ಸಿಲಿಯರಿ ಸ್ನಾಯು ಎಂದು ಹೆಸರು. ಮಸೂರವನ್ನೂ ಈ ಸ್ನಾಯುವನ್ನೂ ಕೂದಲಿಗಿಂತ ನವುರಾದ ಎಳೆಗಳು ಕೂಡಿಸಿವೆ. ದೂರದ ವಸ್ತುವನ್ನು ನೋಡುವಾಗ ಸ್ನಾಯು ಸಡಿಲವಾಗಿರುತ್ತದೆ, ಎಳೆಗಳು ಬಿಗಿಯಾಗಿ ಮಸೂರವನ್ನು ಎಲ್ಲ ಕಡೆಯಿಂದ ಎಳೆದು ಚಪ್ಪಟೆಯಾಗಿ ಇಡುತ್ತವೆ. ಹತ್ತಿರದ ವಸ್ತುವನ್ನು ನೋಡುವಾಗ ಸ್ನಾಯು ಕುಗ್ಗಿ ಬಳೆ ಕಿರಿದಾಗುತ್ತದೆ, ಎಳೆಗಳು ಸಡಿಲಗೊಳ್ಳುತ್ತವೆ, ಮಸೂರವು ತನ್ನ ಸಹಜ ಗುಣದಿಂದ ಉಬ್ಬಿ ದುಂಡಗಾಗುತ್ತದೆ. ಉಬ್ಬಿದ ಮಸೂರಕ್ಕೆ ಬೆಳಕನ್ನು ಬಾಗಿಸುವ ಶಕ್ತಿ ಹೆಚ್ಚು. ಆದುದರಿಂದ ಹತ್ತಿರದ ಅಕ್ಷರದ ಬಿಂಬ ಅಕ್ಷಿಪಟಲದ ಮೇಲೆ ಸ್ಪಷ್ಟವಾಗಿ ಮೂಡುತ್ತದೆ. ಜರ್ಮನಿಯ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ 1855ರಲ್ಲಿ ನೀಡಿದ ಈ ವಿವರಣೆಯೇ ಇಂದಿಗೂ ನೇತ್ರವೈದ್ಯರ ತಿಳಿವಳಿಕೆಗೆ ತಳಹದಿಯಾಗಿದೆ.

ಈ ಮಸೂರಕ್ಕೆ ಒಂದು ವಿಶೇಷ ಗುಣವಿದೆ. ಚರ್ಮ, ಕೂದಲು, ಉಗುರುಗಳು ಹಳೆಯದನ್ನು ಕಳಚಿಕೊಂಡು ಹೊಸದನ್ನು ಪಡೆಯುತ್ತವೆ. ಮಸೂರ ಏನನ್ನೂ ಕಳಚಿಕೊಳ್ಳುವುದಿಲ್ಲ. ಹುಟ್ಟಿದಾಗಿನಿಂದ ಕಡೆಯವರೆಗೂ ಹೊಸ ಪದರಗಳು ಹಳೆಯ ಪದರಗಳ ಮೇಲೆ ಈರುಳ್ಳಿಯಂತೆ ಸುತ್ತಿಕೊಳ್ಳುತ್ತಲೇ ಹೋಗುತ್ತವೆ. ನಡುವಿನ ಹಳೆಯ ಪದರಗಳು ಒತ್ತೊತ್ತಾಗಿ ಕೂಡಿ ಗಟ್ಟಿಯಾಗುತ್ತವೆ. ಆಲೆಮನೆಯಲ್ಲಿ ಬಿಸಿ ಇರುವಾಗ ಅಚ್ಚಿನ ಆಕಾರಕ್ಕೆ ಒಗ್ಗುವ ಬೆಲ್ಲ, ಆರಿದ ಮೇಲೆ ಒಗ್ಗುವುದಿಲ್ಲವಷ್ಟೆ. ಮಸೂರದ ಸ್ಥಿತಿಯೂ ಹಾಗೆಯೇ. ಸ್ನಾಯು ತನ್ನ ಕೆಲಸವನ್ನು ಮಾಡುತ್ತದೆ, ಎಳೆಗಳು ಸಡಿಲಗೊಳ್ಳುತ್ತವೆ, ಆದರೆ ಗಟ್ಟಿಯಾದ ಮಸೂರ ಮೊದಲಿನಂತೆ ಉಬ್ಬಲಾರದು.

ಈ ಬದಲಾವಣೆ ನಲವತ್ತರಲ್ಲಿ ಒಮ್ಮೆಗೇ ಬಂದೆರಗುವುದಲ್ಲ. ಹತ್ತು ವರ್ಷದ ಬಾಲಕ ಕಣ್ಣಿನಿಂದ ಸುಮಾರು 7 ಸೆಂಟಿಮೀಟರ್ ದೂರದಲ್ಲಿರುವ ಅಕ್ಷರವನ್ನೂ ಓದಬಲ್ಲ. ಇಪ್ಪತ್ತರ ಹರೆಯದಲ್ಲಿ ಈ ಅಂತರ ಸುಮಾರು 10 ಸೆಂಟಿಮೀಟರ್ ಆಗುತ್ತದೆ. ನಲವತ್ತರ ಹೊತ್ತಿಗೆ 20 ಸೆಂಟಿಮೀಟರ್ ದಾಟುತ್ತದೆ. ಅರವತ್ತಕ್ಕೆ ಅದು ಒಂದು ಮೀಟರಿನಷ್ಟಾಗುತ್ತದೆ, ಅಂದರೆ ಕೈ ಚಾಚಿದರೂ ಸಾಲದು. ಬಾಲ್ಯದಿಂದಲೇ ಕರಗುತ್ತ ಬಂದ ಶಕ್ತಿಯ ಅರಿವು ನಮಗಾಗುವುದು, ಅದು ಪುಸ್ತಕ ಹಿಡಿಯುವ ಅಂತರವನ್ನು ಮುಟ್ಟಿದಾಗ ಮಾತ್ರ. ಮೊದಮೊದಲು ಸಂಜೆಯ ಮಬ್ಬಿನಲ್ಲಿ ಓದುವುದು ಕಷ್ಟವಾಗುತ್ತದೆ, ಬಿಸಿಲಿಗೆ ಬಂದರೆ ಸರಿಹೋಗುತ್ತದೆ. ಬೆಳಕು ಹೆಚ್ಚಿದಾಗ ಪಾಪೆ ಕಿರಿದಾಗಿ ಬಿಂಬ ಸ್ಪಷ್ಟವಾಗುವುದೇ ಇದಕ್ಕೆ ಕಾರಣ. ಓದಿದ ಮೇಲೆ ಹಣೆ ನೋಯುವುದು, ಕಣ್ಣು ಸೋಲುವುದು ಇದರ ಇತರ ಸೂಚನೆಗಳು.

ಇಷ್ಟಲಿಂಗ ಪೂಜೆಯಲ್ಲಿ ಅಂಗೈಯ ಲಿಂಗದ ಮೇಲೆ ದೃಷ್ಟಿ ನೆಡುವಾಗ ಅದು ಮಸುಕಾಗುತ್ತದೆಂದು ಚಿಂತಿಸುವ ಹಿರಿಯರಿದ್ದಾರೆ. ತಮ್ಮ ಏಕಾಗ್ರತೆಯೇ ಕುಂದಿತೇನೋ ಎಂದು ಮನಸ್ಸಿಗೆ ಹಚ್ಚಿಕೊಳ್ಳುವವರೂ ಉಂಟು. ಅಂಗೈ ಇರುವುದು ಓದುವ ಅಂತರದಲ್ಲೇ. ಮಸುಕಾಗಿರುವುದು ಮಸೂರದಿಂದ, ಮನಸ್ಸಿನಿಂದಲ್ಲ. ಓದಿನ ಕನ್ನಡಕ ಧರಿಸಿದರೆ ಅದೇ ಅಂತರದಲ್ಲಿ ನೋಟ ನಿಚ್ಚಳವಾಗುತ್ತದೆ.

ವಿಜಯನಗರದ ಕಾಲದ ಕನ್ನಡಕ

ಕನ್ನಡಕವೆಂಬುದು ಈಚಿನ ಶೋಕಿ ಎಂದು ಭಾವಿಸುವವರಿಗೆ ನಮ್ಮ ಹಂಪಿಯೇ ಉತ್ತರ ಹೇಳುತ್ತದೆ. ಕೃಷ್ಣದೇವರಾಯನ ಕಾಲದಲ್ಲಿ ವಿಜಯನಗರದಲ್ಲಿದ್ದ ಮಾಧ್ವ ಯತಿಗಳಾದ ಶ್ರೀ ವ್ಯಾಸತೀರ್ಥರ ಚರಿತ್ರೆಯನ್ನು ಸೋಮನಾಥ ಕವಿಯು ಸಂಸ್ಕೃತದಲ್ಲಿ 'ವ್ಯಾಸಯೋಗಿಚರಿತ' ಎಂಬ ಚಂಪೂಕಾವ್ಯವಾಗಿ ಬರೆದಿದ್ದಾನೆ. ಗ್ರಂಥವನ್ನು ಓದುವಾಗ ಯತಿಗಳು ಕನ್ನಡಕವನ್ನು ಬಳಸಿದ ಉಲ್ಲೇಖ ಅದರಲ್ಲಿದೆ. ಪುಣೆಯ ಭಂಡಾರ್ಕರ್ ಪ್ರಾಚ್ಯವಿದ್ಯಾ ಸಂಶೋಧನ ಮಂದಿರದ ವಿದ್ವಾಂಸರಾದ ಪಿ. ಕೆ. ಗೋಡೆಯವರು ಭಾರತದಲ್ಲಿ ಕನ್ನಡಕದ ಚರಿತ್ರೆಯನ್ನು ಶೋಧಿಸುವಾಗ ಇದನ್ನು ಮುಂದಿಟ್ಟು, ಅದರ ಕಾಲವನ್ನು ಸುಮಾರು 1520 ಎಂದು ಗುರುತಿಸಿದರು. ವ್ಯಾಸತೀರ್ಥರು ಜನಿಸಿದ್ದು 1460ರ ಸುಮಾರಿಗೆ. ಅಂದರೆ ಆಗ ಅವರಿಗೆ ಅರವತ್ತರ ಆಸುಪಾಸಿನ ವಯಸ್ಸು. ಚಾಳೀಸು ಪೂರ್ಣವಾಗಿ ಬಂದಿರುವ ಕಾಲ. 1510ರಲ್ಲಿ ಗೋವೆಯನ್ನು ಹಿಡಿದ ಪೋರ್ಚುಗೀಸರು ವಿಜಯನಗರದೊಡನೆ ವ್ಯಾಪಾರ ಸಂಬಂಧ ಬೆಳೆಸಿದ್ದುದರಿಂದ ಅವರ ಮೂಲಕ ಕನ್ನಡಕ ಇಲ್ಲಿಗೆ ಬಂದಿರಬಹುದೆಂದು ವಿದ್ವಾಂಸರು ಊಹಿಸಿದ್ದಾರೆ.

ಯೂರೋಪಿನಲ್ಲಿಯೂ ಕನ್ನಡಕ ಹುಟ್ಟಿದ್ದು ಚಾಳೀಸಿಗಾಗಿಯೇ. ಹದಿಮೂರನೆಯ ಶತಮಾನದ ಕೊನೆಯಲ್ಲಿ ಇಟಲಿಯಲ್ಲಿ ತಯಾರಾದ ಮೊದಲ ಕನ್ನಡಕಗಳಲ್ಲಿ ಇದ್ದುದು ನಡುವೆ ಉಬ್ಬಿದ ಮಸೂರಗಳು, ಹತ್ತಿರದ ಓದಿಗೆ ನೆರವಾಗುವಂಥವು. ದೂರದ ನೋಟ ಕಾಣದವರಿಗೆ ಬೇಕಾದ ಮಸೂರಗಳು ಆಮೇಲೆ ಬಂದವು. ವ್ಯಾಸತೀರ್ಥರು 1539ರಲ್ಲಿ ದೇಹ ಬಿಟ್ಟರು. ಅವರ ವೃಂದಾವನ ಆನೆಗೊಂದಿಯ ಬಳಿ ತುಂಗಭದ್ರೆಯ ನಡುಗಡ್ಡೆಯಾದ ನವವೃಂದಾವನದಲ್ಲಿದೆ. ಸುಮಾರು 500 ವರ್ಷಗಳ ಹಿಂದೆ ಅಂಥ ವಿದ್ವಾಂಸರು ಓದನ್ನು ಬಿಡದೆ ಕನ್ನಡಕವನ್ನು ಒಪ್ಪಿಕೊಂಡಿದ್ದಾರೆ. ಅಂದು ಅರಮನೆಯ ವಲಯದವರಿಗಷ್ಟೇ ಎಟುಕುತ್ತಿದ್ದ ವಸ್ತು ಇಂದು ಹೊಸಪೇಟೆಯ ಬಜಾರಿನಲ್ಲಿ ಸಣ್ಣ ಮೊತ್ತಕ್ಕೆ ದೊರೆಯುತ್ತದೆ. ಆದರೂ ನಾವು ಹಿಂಜರಿಯುತ್ತೇವೆ.

ಕಾಯಕಕ್ಕೂ ಕಣ್ಣಿಗೂ ಇರುವ ನಂಟು

ಚಾಳೀಸು ಓದುಬರಹ ಬಲ್ಲವರ ತೊಂದರೆ ಮಾತ್ರ ಎಂಬುದು ಬಹು ದೊಡ್ಡ ತಪ್ಪು ತಿಳಿವಳಿಕೆ. ಮೊರದಲ್ಲಿ ಅಕ್ಕಿ ಆರಿಸುವವರಿಗೆ, ಹೂ ಕಟ್ಟುವವರಿಗೆ, ಹೊಲಿಗೆ ಯಂತ್ರದ ಮುಂದೆ ಕೂರುವವರಿಗೆ, ಅಕ್ಕಸಾಲಿಗರಿಗೆ ಹತ್ತಿರದ ನೋಟವೇ ಅನ್ನದ ದಾರಿ. ಸಂಡೂರಿನ ಲಂಬಾಣಿ ಕಸೂತಿಯನ್ನೇ ನೋಡಿ. ಭೌಗೋಳಿಕ ಸೂಚಿಯ ಮಾನ್ಯತೆ ಪಡೆದ ಈ ಕಲೆಯಲ್ಲಿ ಬಣ್ಣದ ಬಟ್ಟೆಯ ಮೇಲೆ ಪುಟ್ಟ ಕನ್ನಡಿ, ಕವಡೆಗಳನ್ನು ಕೂರಿಸಿ ಸುತ್ತಲೂ ನವುರಾದ ಹೊಲಿಗೆ ಹಾಕಬೇಕು. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ-20 ರಾಷ್ಟ್ರಗಳ ಸಂಸ್ಕೃತಿ ಕಾರ್ಯತಂಡದ ಸಭೆ ನಡೆದಾಗ ಸಂಡೂರು ಕುಶಲ ಕಲಾ ಕೇಂದ್ರದ 450ಕ್ಕೂ ಹೆಚ್ಚು ಲಂಬಾಣಿ ಮಹಿಳೆಯರ ಕೈಯಲ್ಲಿ ಅರಳಿದ 1,755 ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆಗೆ ಸೇರಿತು. ಇಂತಹ ಕೆಲಸದಲ್ಲಿ ಕೈ ಪಳಗುವುದಕ್ಕೆ ವರ್ಷಗಳು ಬೇಕು. ಕೈ ಪೂರ್ಣವಾಗಿ ಪಳಗಿದ ವಯಸ್ಸಿಗೆ ಸರಿಯಾಗಿ ಕಣ್ಣು ಹಿಂಜರಿಯುತ್ತದೆ. ಆಗ ಕನ್ನಡಕ ದೊರೆಯದಿದ್ದರೆ ನಷ್ಟವಾಗುವುದು ಒಬ್ಬಳ ಗಳಿಕೆ ಮಾತ್ರವಲ್ಲ. ಹತ್ತಾರು ವರ್ಷ ಕೂಡಿಟ್ಟ ವಿದ್ಯೆಯೂ ಮೂಲೆ ಸೇರುತ್ತದೆ.

ಒಂದು ಜೊತೆ ಕನ್ನಡಕ ಕಾಯಕಕ್ಕೆ ಎಷ್ಟು ಬಲ ಕೊಡಬಲ್ಲದು ಎಂಬುದನ್ನು ಅಳೆದು ನೋಡಿದ್ದಾರೆ. ಅಸ್ಸಾಮಿನ ಚಹಾ ತೋಟಗಳಲ್ಲಿ ನಲವತ್ತು ಮತ್ತು ಅದಕ್ಕೆ ಮೇಲ್ಪಟ್ಟ ವಯಸ್ಸಿನ 751 ಕಾರ್ಮಿಕರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಮೊದಲೇ ಹತ್ತಿರದ ನೋಟದ ಕನ್ನಡಕ ನೀಡಲಾಯಿತು. 2018ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಕನ್ನಡಕ ಪಡೆದವರ ಎಲೆ ಕೀಳುವ ಪ್ರಮಾಣ ಪಡೆಯದವರಿಗಿಂತ ಶೇಕಡಾ 21.7ರಷ್ಟು ಹೆಚ್ಚಿತು. ಐವತ್ತು ದಾಟಿದವರಲ್ಲಿ ಈ ಹೆಚ್ಚಳ ಶೇಕಡಾ 31.6. ಬಾಂಗ್ಲಾದೇಶದ ಹಳ್ಳಿಗಳಲ್ಲಿ 35ರಿಂದ 65 ವರ್ಷದ 824 ಜನರ ನಡುವೆ ನಡೆದು 2024ರಲ್ಲಿ ಪ್ರಕಟವಾದ ಮತ್ತೊಂದು ಅಧ್ಯಯನದಲ್ಲಿ, ಓದಿನ ಕನ್ನಡಕ ಪಡೆದವರ ಆದಾಯ ಎಂಟು ತಿಂಗಳಲ್ಲಿ ಸುಮಾರು ಮೂರನೆಯ ಒಂದು ಭಾಗದಷ್ಟು ಏರಿತ್ತು. ಇಷ್ಟು ಸುಲಭವಾದ ಪರಿಹಾರವಿದ್ದರೂ, ಜಗತ್ತಿನಲ್ಲಿ 2015ರ ಹೊತ್ತಿಗೆ ಚಾಳೀಸು ಇದ್ದ ಸುಮಾರು 180 ಕೋಟಿ ಜನರಲ್ಲಿ 82 ಕೋಟಿಗೂ ಹೆಚ್ಚು ಮಂದಿ ತಕ್ಕ ಕನ್ನಡಕವಿಲ್ಲದೆ ಹತ್ತಿರದ ನೋಟ ಕಳೆದುಕೊಂಡಿದ್ದರೆಂದು ಅಂದಾಜು ಮಾಡಲಾಗಿದೆ.

ಗಳಿಕೆಯ ಮಾತು ಹಾಗಿರಲಿ, ಜೀವದ ಮಾತೂ ಇದೆ. ಇನ್ಸುಲಿನ್ ಸಿರಿಂಜಿನ ಗೆರೆಗಳು, ಮಾತ್ರೆಯ ಪಟ್ಟಿಯ ಮೇಲಿನ ಅವಧಿ ಮುಗಿಯುವ ದಿನಾಂಕ, ಮಗುವಿನ ಔಷಧಿಯ ಅಳತೆ ಇವೆಲ್ಲ ಸಣ್ಣ ಅಕ್ಷರಗಳಲ್ಲೇ ಇರುತ್ತವೆ. ಕಂಪ್ಲಿ ಕಡೆಯ ಭತ್ತದ ಗದ್ದೆಗಳಲ್ಲಿ ಔಷಧಿ ಹೊಡೆಯುವ ರೈತರು ಡಬ್ಬಿಯ ಮೇಲಿನ ಕೆಂಪು ಗುರುತು ನೋಡಿ ಅದು ಕಡು ವಿಷವೆಂದು ತಿಳಿಯಬಲ್ಲರು. ಒಂದು ಲೀಟರ್ ನೀರಿಗೆ ಎಷ್ಟು ಬೆರೆಸಬೇಕೆಂಬುದು ತಿಳಿಯಲು ಸಣ್ಣ ಅಕ್ಷರವನ್ನೇ ಓದಬೇಕು. ಅಂದಾಜಿನ ಮೇಲೆ ಬೆರೆಸುವುದು ಬೆಳೆಗೂ ದೇಹಕ್ಕೂ ಹಾನಿ.

ಕೆಲವು ತಪ್ಪು ನಂಬಿಕೆಗಳು

ಕನ್ನಡಕ ಹಾಕಿದರೆ ಕಣ್ಣು ಅದಕ್ಕೇ ಒಗ್ಗಿ ಇನ್ನಷ್ಟು ಸೋಲುತ್ತದೆ ಎಂದು ಹಲವರು ಹೇಳುವುದನ್ನು ಕೇಳುತ್ತೇವೆ. ಕನ್ನಡಕ ಹಾಕಿದರೂ ಹಾಕದಿದ್ದರೂ ಮಸೂರ ಗಟ್ಟಿಯಾಗುವುದು ನಿಲ್ಲದು. ಆದುದರಿಂದಲೇ ನಲವತ್ತೈದರ ಒಳಗೆ ಸುಮಾರು ಒಂದು ಪವರ್ ಸಾಕಾದರೆ, ಐವತ್ತೈದರ ಹೊತ್ತಿಗೆ ಎರಡರಷ್ಟು, ಅರವತ್ತರ ನಂತರ ಎರಡೂವರೆಯಷ್ಟು ಬೇಕಾಗುತ್ತದೆ. ಆಮೇಲೆ ಅದು ಬಹುಮಟ್ಟಿಗೆ ಸ್ಥಿರವಾಗುತ್ತದೆ. ಇದು ವಯಸ್ಸಿನ ಲೆಕ್ಕ, ಕನ್ನಡಕದ ತಪ್ಪಲ್ಲ.

ಕಣ್ಣಿನ ವ್ಯಾಯಾಮದಿಂದ ಚಾಳೀಸು ಹೋಗುತ್ತದೆ ಎಂಬ ಮಾತೂ ಪ್ರಚಾರದಲ್ಲಿದೆ. ದಣಿದ ಕಣ್ಣಿಗೆ ವಿಶ್ರಾಂತಿ ಹಿತಕರ, ಸೊಪ್ಪು, ತರಕಾರಿ, ಹಣ್ಣುಗಳು ಕಣ್ಣಿನ ಆರೋಗ್ಯಕ್ಕೆ ಅಗತ್ಯ. ಆದರೆ ತೊಂದರೆ ಇರುವುದು ಸ್ನಾಯುವಿನ ಬಲದಲ್ಲಲ್ಲ, ಮಸೂರದ ಗಡಸುತನದಲ್ಲಿ. ಯಾವ ವ್ಯಾಯಾಮವೂ ಯಾವ ಆಹಾರವೂ ಗಟ್ಟಿಯಾದ ಮಸೂರವನ್ನು ಮತ್ತೆ ಮೆದುವಾಗಿಸದು. ಪಾಪೆಯನ್ನು ಕಿರಿದಾಗಿಸಿ ಕೆಲವು ಗಂಟೆಗಳ ಕಾಲ ಹತ್ತಿರದ ನೋಟ ನೀಡುವ ಪಿಲೋಕಾರ್ಪಿನ್ ಎಂಬ ಔಷಧಿಯ ಹನಿಗಳು ಈಚೆಗೆ ಕೆಲವು ದೇಶಗಳಲ್ಲಿ ಬಳಕೆಗೆ ಬಂದಿವೆ. ಅವು ಚಾಳೀಸನ್ನು ಗುಣಪಡಿಸುವುದಿಲ್ಲ, ವೈದ್ಯರ ಸಲಹೆಯಿಲ್ಲದೆ ಬಳಸತಕ್ಕವೂ ಅಲ್ಲ. ಜೇನು, ಎಣ್ಣೆ, ಸೊಪ್ಪಿನ ರಸ ಮೊದಲಾದುವನ್ನು ಕಣ್ಣಿಗೆ ಹಾಕಿಕೊಳ್ಳುವುದಂತೂ ಸಲ್ಲದು. ಅದರಿಂದ ಕರಿಗುಡ್ಡೆಗೆ ಸೋಂಕು ತಗಲಿ ಇದ್ದ ದೃಷ್ಟಿಯೂ ಹೋಗುವ ಅಪಾಯವಿದೆ. ಮೊದಲೊಮ್ಮೆ ಯಾವುದಕ್ಕೋ ಬರೆದುಕೊಟ್ಟ ಸ್ಟೀರಾಯ್ಡ್ ಹನಿಗಳನ್ನು ಔಷಧಿ ಅಂಗಡಿಯಿಂದ ತಾವೇ ತಂದು ತಿಂಗಳುಗಟ್ಟಲೆ ಹಾಕಿಕೊಳ್ಳುವುದೂ ಅಪಾಯಕರ. ಅದು ಪೊರೆಯನ್ನೂ ಗ್ಲಾಕೋಮಾವನ್ನೂ ತರಬಲ್ಲದು.

ಮೂರನೆಯದು ಸಂತೋಷದ ವೇಷದಲ್ಲಿ ಬರುವ ತಪ್ಪು ನಂಬಿಕೆ. ವರ್ಷಗಳಿಂದ ಕನ್ನಡಕವಿಲ್ಲದೆ ಓದಲಾಗದಿದ್ದ ಹಿರಿಯರೊಬ್ಬರು ಎಪ್ಪತ್ತರ ವಯಸ್ಸಿನಲ್ಲಿ ಇದ್ದಕ್ಕಿದ್ದಂತೆ ಬರಿಗಣ್ಣಿನಲ್ಲಿ ಪತ್ರಿಕೆ ಓದತೊಡಗುತ್ತಾರೆ. "ಅಜ್ಜನ ಕಣ್ಣು ತಿರುಗಿ ಬಂತು" ಎಂದು ಮನೆಮಂದಿ ಹಿಗ್ಗುತ್ತಾರೆ. ಅನೇಕ ವೇಳೆ ಇದು ಕಣ್ಣಿನ ಪೊರೆ ಆರಂಭವಾದ ಲಕ್ಷಣ. ಮಸೂರದ ನಡುಭಾಗ ದಟ್ಟವಾಗಿ ಅದರ ಶಕ್ತಿ ಬದಲಾಗುವುದರಿಂದ ಹತ್ತಿರದ ನೋಟ ಕೆಲಕಾಲ ಸುಧಾರಿಸಿದಂತೆ ತೋರುತ್ತದೆ, ದೂರದ ನೋಟ ಮಬ್ಬಾಗುತ್ತದೆ. ಹಾಗೆಯೇ ಕನ್ನಡಕದ ಪವರ್ ಕೆಲವೇ ವಾರಗಳಲ್ಲಿ ಏರಿಳಿಯುತ್ತಿದ್ದರೆ ರಕ್ತದ ಸಕ್ಕರೆ ಹತೋಟಿ ತಪ್ಪಿರಬಹುದು. ಎರಡು ಸಂದರ್ಭಗಳಲ್ಲೂ ವೈದ್ಯರನ್ನು ಕಾಣಬೇಕು.

ಕನ್ನಡಕಕ್ಕೆ ಮುನ್ನ ಪರೀಕ್ಷೆ

ಜಾತ್ರೆಯಲ್ಲಿಯೋ ಬಜಾರಿನಲ್ಲಿಯೋ ಸಿಗುವ ಸಿದ್ಧ ಕನ್ನಡಕವನ್ನು ನಾವು ಹಳಿಯುವುದಿಲ್ಲ. ಎರಡೂ ಕಣ್ಣಿಗೆ ಸಮನಾದ ಪವರ್ ಬೇಕಿರುವವರಿಗೆ, ದೂರದ ನೋಟದಲ್ಲಿ ದೋಷವಿಲ್ಲದವರಿಗೆ ಅದು ಒಳ್ಳೆಯ ನೆರವೇ. ಅದರಿಂದ ಕಣ್ಣು ಕೆಡುವುದಿಲ್ಲ. ಆದರೆ ಅದನ್ನು ಮಾರುವವರು ನಮ್ಮ ಕಣ್ಣಿನ ಒಳಗನ್ನು ನೋಡಿರುವುದಿಲ್ಲ. ಗ್ಲಾಕೋಮಾ ಎಂಬ ರೋಗದ ಸಾಮಾನ್ಯ ಬಗೆಯು ನೋವಿಲ್ಲದೆ, ಸದ್ದಿಲ್ಲದೆ, ನೋಟದ ಅಂಚಿನಿಂದ ನರವನ್ನು ತಿನ್ನುತ್ತ ಬರುತ್ತದೆ. ರೋಗಿಗೆ ಅರಿವಾಗುವ ಹೊತ್ತಿಗೆ ಬಹುಭಾಗ ನಷ್ಟವಾಗಿರುತ್ತದೆ, ಹೋದ ನೋಟ ಮರಳುವುದಿಲ್ಲ. ಸಕ್ಕರೆ ಕಾಯಿಲೆಯಿಂದ ಅಕ್ಷಿಪಟಲಕ್ಕಾಗುವ ಹಾನಿಯೂ ಮೊದಲಿಗೆ ಯಾವ ಸೂಚನೆಯನ್ನೂ ಕೊಡುವುದಿಲ್ಲ. ಇವು ತಲೆ ಹಾಕುವ ವಯಸ್ಸೂ ನಲವತ್ತರ ನಂತರದ್ದೇ. ಹೀಗಾಗಿ ಚಾಳೀಸು ಕಾಣಿಸಿಕೊಂಡಾಗ ಒಮ್ಮೆ ನೇತ್ರವೈದ್ಯರಲ್ಲಿ ಕಣ್ಣಿನ ಒತ್ತಡವನ್ನೂ ಅಕ್ಷಿಪಟಲವನ್ನೂ ಪರೀಕ್ಷಿಸಿಕೊಂಡರೆ, ಒಂದು ಹೋಗುವಿಕೆಯಲ್ಲಿ ಎರಡು ಪ್ರಯೋಜನ.

ತಾಲ್ಲೂಕು ಮತ್ತು ಜಿಲ್ಲಾ ಸರ್ಕಾರಿ ಆಸ್ಪತ್ರೆಗಳಲ್ಲಿ ಕಣ್ಣಿನ ಪರೀಕ್ಷೆಗೆ ಅವಕಾಶವಿದೆ. 1976ರಲ್ಲಿ ಆರಂಭವಾದ ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮದ ಅಡಿಯಲ್ಲಿ ಹಿರಿಯರಿಗೆ ಓದಿನ ಕನ್ನಡಕವನ್ನು ಉಚಿತವಾಗಿ ನೀಡುವ ಏರ್ಪಾಡೂ ಇದೆ. ಊರಿನ ಆಶಾ ಕಾರ್ಯಕರ್ತೆಯರನ್ನು ವಿಚಾರಿಸಿದರೆ ಶಿಬಿರಗಳ ಮಾಹಿತಿ ದೊರೆಯುತ್ತದೆ.

ಭಕ್ತಬಂಧುಗಳು ನೆನಪಿಡಬೇಕಾದ ಕೆಲವು ಅಂಶಗಳು ಇವು:

• ನಲವತ್ತಾದ ಮೇಲೆ ಎರಡು ವರ್ಷಕ್ಕೊಮ್ಮೆ, ಸಕ್ಕರೆ ಕಾಯಿಲೆ ಇದ್ದವರು ತಪ್ಪದೆ ವರ್ಷಕ್ಕೊಮ್ಮೆ ಕಣ್ಣು ಪರೀಕ್ಷಿಸಿಕೊಳ್ಳಬೇಕು. ತಂದೆ, ತಾಯಿ, ಒಡಹುಟ್ಟಿದವರಲ್ಲಿ ಯಾರಿಗಾದರೂ ಗ್ಲಾಕೋಮಾ ಇದ್ದರೆ ಅದನ್ನು ವೈದ್ಯರಿಗೆ ತಿಳಿಸಬೇಕು.

• ಕನ್ನಡಕ ಮಾಡಿಸುವಾಗ ತಮ್ಮ ಕೆಲಸವೇನು, ವಸ್ತುವನ್ನು ಎಷ್ಟು ದೂರದಲ್ಲಿ ಹಿಡಿಯುತ್ತೇವೆ ಎಂಬುದನ್ನು ಹೇಳಬೇಕು. ಕಸೂತಿಯ ಅಂತರ ಬೇರೆ, ಕಂಪ್ಯೂಟರಿನ ಅಂತರ ಬೇರೆ.

• ಕೆಳಭಾಗದಲ್ಲಿ ಓದಿನ ಮಸೂರವಿರುವ ಬೈಫೋಕಲ್ ಕನ್ನಡಕ ಧರಿಸಿದವರಿಗೆ ಮೆಟ್ಟಿಲುಗಳು ಮಸುಕಾಗಿ ಕಾಣುತ್ತವೆ. ಮಾತಂಗ ಪರ್ವತಕ್ಕೋ, 500ಕ್ಕೂ ಹೆಚ್ಚು ಮೆಟ್ಟಿಲುಗಳಿರುವ ಅಂಜನಾದ್ರಿಗೋ ಹೋಗುವಾಗ ದೂರದ ನೋಟದ ಕನ್ನಡಕವನ್ನಷ್ಟೇ ಧರಿಸುವುದು ಕ್ಷೇಮ. ಇಳಿಯುವಾಗ ಹೆಚ್ಚಿನ ಎಚ್ಚರ ಬೇಕು.

• ಓದುವಾಗ ಬೆಳಕು ಹೆಗಲ ಮೇಲಿನಿಂದ ಪುಸ್ತಕದ ಮೇಲೆ ಬೀಳಲಿ. ಮೊಬೈಲಿನಲ್ಲಿ ಅಕ್ಷರದ ಗಾತ್ರವನ್ನು ದೊಡ್ಡದಾಗಿಸಿಕೊಳ್ಳಲಿ.

• ಕಣ್ಣು ಕೆಂಪಾಗಿ ತೀವ್ರ ನೋವು, ದೀಪದ ಸುತ್ತ ಬಣ್ಣದ ಬಳೆಗಳು, ಮಿಂಚಿನಂತಹ ಹೊಳಪು, ಪರದೆ ಇಳಿದಂತೆ ನೋಟ ಮರೆಯಾಗುವುದು ಇವು ಚಾಳೀಸಿನ ಲಕ್ಷಣಗಳಲ್ಲ. ಇವುಗಳಲ್ಲಿ ಯಾವುದು ಕಂಡರೂ ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಮನೆಯ ಕಿರಿಯರಿಗೂ ಒಂದು ಮಾತು. ಹಿರಿಯರು ತಮ್ಮ ಕಣ್ಣಿನ ತೊಂದರೆಯನ್ನು ಬಾಯಿ ಬಿಟ್ಟು ಹೇಳುವುದು ವಿರಳ. ಅವರು ಪಾರಾಯಣ ಬಿಟ್ಟಿದ್ದಾರೆಯೇ, ಅಕ್ಕಿಯಲ್ಲಿ ಕಲ್ಲು ಉಳಿಯುತ್ತಿದೆಯೇ, ಮಾತ್ರೆಯ ಬಣ್ಣ ನೋಡಿಯೇ ನುಂಗುತ್ತಿದ್ದಾರೆಯೇ ಎಂಬುದನ್ನು ಗಮನಿಸಬೇಕಾದವರು ನಾವೇ. ಮುಂದಿನ ಬಾರಿ ಹೊಸಪೇಟೆಗೋ ಬಳ್ಳಾರಿಗೋ ಹೋಗುವ ಕೆಲಸ ಬಿದ್ದಾಗ ಅವರನ್ನೂ ಜೊತೆಗೆ ಕರೆದುಕೊಂಡು ಹೋಗಿ ಕಣ್ಣು ತೋರಿಸಿ. ಹಲವರ ಪಾಲಿಗೆ ಅರ್ಧ ದಿನದ ಪರೀಕ್ಷೆ, ಒಂದು ಜೊತೆ ಕನ್ನಡಕ, ಇಷ್ಟೇ ಸಾಕು. ಓದುವವರ ಓದೂ, ಹೊಲಿಯುವವರ ಹೊಲಿಗೆಯೂ ಇನ್ನೂ ಇಪ್ಪತ್ತು ಮೂವತ್ತು ವರ್ಷ ನಿರಾತಂಕವಾಗಿ ಸಾಗಬಲ್ಲದು.